ಸುರಕ್ಷಿತವಾಗಿ ಒಪ್ಪಿಸಲಾಗಿದೆ

ಮೂರು ನಿಮಿಷದಲ್ಲಿ ಬಸ್ಸಕ್ಕ ಏನೇನು ಮಾಡಬಲ್ಲಳು ಎಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಶಾಲೆಯ ಬಸ್ಸಿನಲ್ಲಿ ಆಯಾ ಆಗಿದ್ದವಳು. ಮೂರು ನಿಮಿಷದಲ್ಲಿ ನಾಲ್ಕು ಮಕ್ಕಳನ್ನು ಇಳಿಸಿ, ಇಬ್ಬರ ಮೂಗು ಒರೆಸಿ, ಒಬ್ಬನ ಊಟದ ಡಬ್ಬಿಯನ್ನು ಸೀಟಿನಡಿಯಿಂದ ಹುಡುಕಿ ತೆಗೆದು, ಹಿಂದೆ ನಿಂತ ಕಾರಿನವನ ಹಾರ್ನಿಗೆ ತಕ್ಕ ಉತ್ತರವನ್ನೂ ಕೊಟ್ಟು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಆದರೆ ಅದೇ ಮೂರು ನಿಮಿಷದಲ್ಲಿ ಒಂದು ಮಗುವಿನ ನೂರ ನಲವತ್ತಮೂರು ದಿನಗಳನ್ನು ಹೇಳಿ ಮುಗಿಸಿ ಎಂದಾಗ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಹಜಾರದ ಮರದ ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದ ವಕೀಲಮ್ಮ ಒಂದು ಹಾಳೆಯನ್ನು ಅವಳ ತೊಡೆಯ ಮೇಲಿಟ್ಟಳು. ಟೈಪ್ ಮಾಡಿಸಿದ ಹಾಳೆ. ನಡುವಿನ ಒಂದು ಪ್ಯಾರಾದ ಮೇಲೆ ಕೆಂಪು ಗೀಟು.

"ಇದೊಂದು ಬಿಟ್ಬಿಡಿ ಅಕ್ಕ. ಉಳಿದಿದ್ದೆಲ್ಲ ಹೇಳಿ."

ಬಸ್ಸಕ್ಕ ಕನ್ನಡಕ ಏರಿಸಿ ನೋಡಿದಳು. ಗೀಟು ಬಿದ್ದಿದ್ದು ಶೂ ಲೇಸಿನ ಪ್ಯಾರಾಕ್ಕೆ.

"ಇದನ್ನ ಹೇಳೋಕೇ ನಾನು ಬಂದಿರೋದು."

"ಗೊತ್ತು ಅಕ್ಕ. ಆದ್ರೆ ಅದನ್ನ ಹೇಳಿದ್ರೆ ಅವರು ನಿಮ್ಮನ್ನೇ ಹಿಡ್ಕೊಳ್ತಾರೆ. ಕಣ್ಣಾರೆ ನೋಡಿದವಳು ನೀನು, ನೀನ್ಯಾಕೆ ಸುಮ್ಮನಿದ್ದೆ ಅಂತಾರೆ. ಕಾನೂನಿನ ಮಾತು ಅಲ್ಲಿಗೇ ಮುಗೀತು. ಏಳು ವರ್ಷದಿಂದ ಓಡಾಡ್ತಿದೀವಿ ಈ ಮಸೂದೆಗೆ."

ವಕೀಲಮ್ಮ ಸುಳ್ಳು ಹೇಳುವವಳಲ್ಲ. ಮಕ್ಕಳ ಪರವಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯವಳು, ಏಳು ವರ್ಷದಲ್ಲಿ ಎಷ್ಟು ಜೊತೆ ಚಪ್ಪಲಿ ಸವೆಸಿದ್ದಳೋ. ಮಕ್ಕಳ ಮೇಲಿನ ಹಿಂಸೆ ತಡೆಯುವ ಆ ಮಸೂದೆಯ ಜೀವ ಎರಡು ಕಲಮುಗಳಲ್ಲಿದೆ ಎಂದು ಬಸ್ಸಕ್ಕನಿಗೆ ಬಿಡಿಸಿ ಹೇಳಿದವಳೂ ಅವಳೇ. ಒಂಬತ್ತನೆಯದು: ಮಕ್ಕಳ ನಡುವೆ ಕೆಲಸ ಮಾಡುವ ಯಾರಿಗೇ ಆಗಲಿ, ಒಂದು ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಅದನ್ನು ತಿಳಿಸತಕ್ಕದ್ದು. ಹದಿನಾಲ್ಕನೆಯದು: ಹಾಗೆ ತಿಳಿಸಿದಾಗ ಫೋನ್ ಎತ್ತುವುದಕ್ಕೆ, ಆ ಮನೆಗೆ ಹೋಗಿ ನೋಡುವುದಕ್ಕೆ, ಮಗುವನ್ನು ಕಾಯುವುದಕ್ಕೆ ಜನರನ್ನು ನೇಮಿಸಿ ಸರ್ಕಾರ ಪ್ರತಿ ವರ್ಷ ಹಣ ಒದಗಿಸತಕ್ಕದ್ದು.

ಹೋದ ವಾರ, ಇವತ್ತು ಅವಳ ಮಾತು ಕೇಳಲಿದ್ದ ಶಾಸಕರ ಸಮಿತಿಯಿಂದ, ಹೊಸ ಕರಡು ಬಂತು. ಒಂಬತ್ತರಲ್ಲಿ 'ತಿಳಿಸತಕ್ಕದ್ದು' ಎದ್ದುಹೋಗಿ ಅದರ ಜಾಗದಲ್ಲಿ 'ತಿಳಿಸಬಹುದು' ಬಂದು ಕೂತಿತ್ತು. ಹದಿನಾಲ್ಕಕ್ಕೆ 'ಹಣದ ಲಭ್ಯತೆಗೆ ಒಳಪಟ್ಟು' ಎಂಬ ಬಾಲ ಅಂಟಿತ್ತು. ಅಷ್ಟೇ. ಉಳಿದ ಮೂವತ್ತು ಪುಟ ಹಾಗೇ ಇತ್ತು, ಒಳ್ಳೆಯ ಕಾಗದ, ಒಳ್ಳೆಯ ಮುದ್ರಣ. ಬಹುದಂತೆ! ಅಡ್ಡಗೋಡೆಯ ಮೇಲೆ ದೀಪ ಇಡುವವರಿಗೆಂದೇ ಹುಟ್ಟಿದ ಮಾತು ಅದು. ತಿಳಿಸಬಹುದು ಎಂದರೆ ಬಾಯಿ ಮುಚ್ಚಿಕೊಂಡೂ ಇರಬಹುದು, ಕತ್ತು ತಿರುಗಿಸಬಹುದು, ಮನೆಗೆ ಹೋಗಿ ಹೊದ್ದು ಮಲಗಬಹುದು. ಈ 'ಬಹುದು' ಬಸ್ಸಕ್ಕನಿಗೆ ಹೊಸದೇನೂ ಆಗಿರಲಿಲ್ಲ. ಅದರ ಜೊತೆ ಅವಳು ಒಂದು ವರ್ಷ ಸಂಸಾರ ಮಾಡಿದ್ದಳು.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದಳು. ಬ್ಯಾಗಿನಲ್ಲಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಅದರ ಮೂಲೆಗಳು ಸವೆದು ಒಳಗಿನ ಬೂದು ಕಾಣುತ್ತಿತ್ತು.

ಅದು ಆರನೇ ಸ್ಟಾಪಿನ ಒಪ್ಪಿಸುವ ಪುಸ್ತಕ. ಶಾಲೆಯ ಬಸ್ಸಿನಲ್ಲಿ ಒಂದೊಂದು ಸ್ಟಾಪಿಗೆ ಒಂದೊಂದು ಪುಸ್ತಕ. ಮಗುವನ್ನು ಮನೆಗೆ ಕರೆದೊಯ್ಯುವವರ ಫೋಟೋ ಇರುವ ಕಾರ್ಡು ಆಯಾ ಹತ್ತಿರ ಇರುತ್ತದೆ. ಮುಖ ನೋಡಬೇಕು, ಕಾರ್ಡು ನೋಡಬೇಕು, ಮಗುವನ್ನು ಕೈಗೆ ಕೊಡಬೇಕು, ಸಹಿ ತೆಗೆದುಕೊಳ್ಳಬೇಕು. ಪ್ರತಿ ಸಾಲಿನ ಕೊನೆಯಲ್ಲೂ ಅಚ್ಚಾಗಿರುವುದು ಒಂದೇ ವಾಕ್ಯ: ಸುರಕ್ಷಿತವಾಗಿ ಒಪ್ಪಿಸಲಾಗಿದೆ. ಅದರ ಕೆಳಗೆ ಒಂದು ಕಡೆ ಕರೆದೊಯ್ದವರ ಸಹಿ, ಇನ್ನೊಂದು ಕಡೆ ಆಯಾ ಸಹಿ. ರಟ್ಟಿನ ಒಳಬದಿಯಲ್ಲಿ ನಿಯಮ: ಕಾರ್ಡಿನಲ್ಲಿರುವವರಿಗೆ ಮಾತ್ರ ಒಪ್ಪಿಸತಕ್ಕದ್ದು. ಸಹಿ ಪಡೆಯತಕ್ಕದ್ದು. ಸಹಿ ಪಡೆಯದೆ ಬಸ್ ಹೊರಡತಕ್ಕದ್ದಲ್ಲ.

ಆರನೇ ಸ್ಟಾಪಿನಲ್ಲಿ ಇಳಿಯುತ್ತಿದ್ದದ್ದು ಒಂದೇ ಮಗು, ಏಳು ವರ್ಷದ ಹುಡುಗಿ. ಹಾಗಾಗಿ ಆ ಪುಸ್ತಕ ಪೂರ್ತಿ ಅವಳದೇ. ಅಪ್ಪ ದೂರದ ಊರಲ್ಲಿ ಕೆಲಸಕ್ಕಿದ್ದ, ಅಮ್ಮ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಕಾರ್ಡಿನ ಮೇಲಿದ್ದ ಫೋಟೋ ಚಿಕ್ಕಪ್ಪನದು. ಇಸ್ತ್ರಿ ಮಾಡಿದ ಶರಟು, ಬಾಚಿದ ತಲೆ. ದಿನಾ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದ. ದುಂಡಗೆ, ನಿಧಾನವಾಗಿ ಸಹಿ ಹಾಕುತ್ತಿದ್ದ. "ಥ್ಯಾಂಕ್ಸ್ ಅಕ್ಕ, ಪಾಪ ನಿಮಗೂ ದಣಿವು" ಎನ್ನುತ್ತಿದ್ದ. ಬೇರೆ ಸ್ಟಾಪಿನ ಅಪ್ಪಂದಿರಿಗೆಲ್ಲ ಇವನನ್ನು ನೋಡಿ ಕಲಿಯಿರಿ ಎಂದು ಬಸ್ಸಕ್ಕ ಹೇಳಿದ್ದೂ ಉಂಟು. ಆ ಮಾತು ನೆನಪಾದರೆ ಅವಳಿಗೆ ಇವತ್ತಿಗೂ ನಾಲಿಗೆ ಕಿತ್ತು ಬಿಸಾಡೋಣ ಅನ್ನಿಸುತ್ತದೆ.

ಶಾಲೆ ಶುರುವಾಗಿ ಮೂರನೇ ವಾರಕ್ಕೆ ಹುಡುಗಿಯ ಶೂ ಲೇಸು ಬಿಚ್ಚಿಕೊಳ್ಳತೊಡಗಿತು. ಐದನೇ ಸ್ಟಾಪು ದಾಟಿದ ಕೂಡಲೇ ಬಗ್ಗಿ ಕೂತು ಎರಡೂ ಶೂಗಳ ಲೇಸು ಬಿಚ್ಚುವಳು. ಬಸ್ಸು ನಿಂತ ಮೇಲೆ ಕಟ್ಟಲು ಕೂರುವಳು. ಒಂದು ಕಿವಿ ಮಾಡಿ, ಇನ್ನೊಂದು ಕಿವಿ ಮಾಡಿ, ತಪ್ಪಿಸಿ, ಮತ್ತೆ ಬಿಚ್ಚಿ. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ನಗುವನು. "ಬಂತು ನಮ್ಮ ಲೇಸಮ್ಮನ ಸ್ಟಾಪು! ಇನ್ನು ನಾವೊಂದು ನಿದ್ದೆ ಮಾಡ್ಬಹುದು!" ಬಸ್ಸಿಗೆ ಬಸ್ಸೇ ಗೊಳ್ಳೆನ್ನುವುದು. ಲೇಸಮ್ಮ ಎಂಬ ಹೆಸರು ಹಾಗೆ ಅಂಟಿತು.

ಬಸ್ಸಕ್ಕನೂ ನಕ್ಕಿದ್ದಳು. ಆಮೇಲೆ ಪಾಪ, ಕೂಸಿಗೆ ಲೇಸು ಕಟ್ಟಲು ಬರುವುದಿಲ್ಲ ಎಂದುಕೊಂಡು ಕಲಿಸಲು ಕೂತಳು. ಎರಡು ಕಿವಿ ಒಟ್ಟಿಗೆ ಹಿಡಿದು ಒಂದೇ ಸುತ್ತಿಗೆ ಎಳೆಯುವ ಗಂಟು, ಎರಡು ಸೆಕೆಂಡಿನ ಕೆಲಸ. ಹುಡುಗಿ ಒಂದೇ ದಿನದಲ್ಲಿ ಕಲಿತಳು. ಮಾರನೇ ದಿನ ಮತ್ತೆ ನಿಧಾನ. ಇದೇನು ಮೊಂಡು ಬುದ್ಧಿ ಎಂದು ಬಸ್ಸಕ್ಕ ತಾನೇ ಮಂಡಿಯೂರಿ ಕೂತು ಎರಡೂ ಶೂ ಬಿಗಿದು, ಕಂಕುಳಿಗೆ ಕೈಹಾಕಿ ಎತ್ತಿ ಮೆಟ್ಟಿಲ ಕೆಳಗೆ ನಿಲ್ಲಿಸಿದಳು. ಹಾಗೆ ಎಷ್ಟು ದಿನ? ಅವಳು ಲೆಕ್ಕವಿಟ್ಟಿಲ್ಲ. ಆ ಪುಟ್ಟ ಕಾಲುಗಳು ಗಟ್ಟಿಯಾಗಿ ಬಿಗಿದಿರುತ್ತಿದ್ದವು ಎಂಬುದು ಮಾತ್ರ ಅವಳ ಅಂಗೈಗೆ ನೆನಪಿದೆ.

ಎರಡನೇ ತಿಂಗಳಲ್ಲಿ ಹುಡುಗಿಯ ತೋಳಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ಕಪ್ಪು ಕಂಡಿತು. ಮರುದಿನ ಬೆಳಿಗ್ಗೆಯೇ ದೊಡ್ಡ ಮೇಡಂ ಕೋಣೆಗೆ ಹೋದಳು. ಶಾಲೆಯ ಮುಖ್ಯಸ್ಥೆ ಆಕೆ. ಎಲ್ಲ ಕೇಳಿಸಿಕೊಂಡು, ಕಪಾಟಿನಿಂದ ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು ತೋರಿಸಿದಳು.

"ನೋಡಮ್ಮ, ಅನುಮಾನ ಬಂದಲ್ಲಿ ತಿಳಿಸಬಹುದು ಅಂತಿದೆ. ಬೇಕು ಅಂತಿಲ್ಲ. ನಾಳೆ ಏನೂ ಇಲ್ಲ ಅಂತಾದ್ರೆ ಆ ಮನೆಯವರ ಮುಖ ಯಾರು ನೋಡ್ತಾರೆ? ಶಾಲೆ ಹೆಸರು ಏನಾಗುತ್ತೆ? ಮಕ್ಕಳು ಬೀಳ್ತಾರೆ, ಏಳ್ತಾರೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ. ಕಾರ್ಡಿನಲ್ಲಿ ಇರೋರಿಗೆ ತಾನೇ ಕೊಡ್ತಿರೋದು?"

"ಹೌದು ಮೇಡಂ."

"ಮತ್ತೇನು!"

ಹೊರಗೆ ಬಂದಾಗ ಅವಳಿಗೆ ಹಗುರಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ವಕೀಲಮ್ಮನಿಗೂ. ಹೇಳುವುದನ್ನು ಹೇಳಿಯಾಯಿತು, ಇನ್ನು ದೊಡ್ಡವರುಂಟು ಎಂದು ಕೈ ತೊಳೆದುಕೊಂಡ ಹಗುರ. ಅದು ಹೆಚ್ಚು ದಿನ ಉಳಿಯಲಿಲ್ಲ. ಬಸ್ಸಿನ ಹಿಂದಿನ ಗಾಜಿನ ಮೇಲೆ ಮಕ್ಕಳ ಸಹಾಯವಾಣಿಯ ನಂಬರು ದೊಡ್ಡದಾಗಿ ಬರೆದಿತ್ತು. ಕೆಲಸ ಮುಗಿಸಿ ನಾಲ್ಕು ಇಪ್ಪತ್ತಕ್ಕೆ ಅವಳು ಆ ನಂಬರಿಗೆ ಫೋನ್ ಮಾಡಿದಳು. ಒಟ್ಟು ಮೂರು ದಿನ ಮಾಡಿದಳು. ಮೂರು ದಿನವೂ ಒಂದು ಜೇನಿನಂಥ ದನಿ, ನಮ್ಮ ಕಚೇರಿಯ ವೇಳೆ ಮುಗಿದಿದೆ, ನಾಳೆ ಕರೆ ಮಾಡಿ ಎಂದಿತು. ಇಡೀ ಜಿಲ್ಲೆಗೆ ಆ ಫೋನಿನ ಮುಂದೆ ಒಬ್ಬಳೇ ಹೆಂಗಸು, ನಾಲ್ಕಕ್ಕೆ ಅವಳು ಮನೆಗೆ ಹೋಗುತ್ತಾಳೆ ಎಂಬುದು ಬಹಳ ಆಮೇಲೆ ಗೊತ್ತಾಯಿತು. ಇನ್ನೊಬ್ಬಳನ್ನು ನೇಮಿಸಲು ಹಣ ಲಭ್ಯವಿರಲಿಲ್ಲವಂತೆ. ಗಾಜಿನ ಮೇಲೆ ನಂಬರು ಬರೆಸಲು ಲಭ್ಯವಿತ್ತು.

ನೂರ ನಲವತ್ತನಾಲ್ಕನೇ ದಿನ ಆರನೇ ಸ್ಟಾಪಿನಲ್ಲಿ ಬಸ್ಸು ನಿಂತಿತು. ಬಸ್ಸಕ್ಕ ಎಂದಿನಂತೆ ಮಂಡಿಯೂರಿದಳು. ಹುಡುಗಿಯ ಎರಡೂ ಶೂಗಳ ಲೇಸು ಸೀಟಿನ ಕಬ್ಬಿಣದ ಕಾಲಿಗೆ ಸುತ್ತಿಕೊಂಡಿದ್ದವು. ಗಂಟಿನ ಮೇಲೆ ಗಂಟು, ಅದರ ಮೇಲೆ ಗಂಟು, ಎಲ್ಲ ಅವಳೇ ಕಲಿಸಿದ ಎರಡು ಸೆಕೆಂಡಿನ ಗಂಟು. ಅವಳು ಬಿಚ್ಚಲು ಕೈ ಹಾಕಿದಾಗ ಹುಡುಗಿ ಬಗ್ಗಿ ಕಿವಿಯಲ್ಲಿ ಎರಡೇ ಮಾತು ಹೇಳಿದಳು. "ಬಿಚ್ಬೇಡಿ ಅಕ್ಕ."

ಅವತ್ತು ಬಸ್ಸಕ್ಕ ಬಿಚ್ಚಲಿಲ್ಲ. ಎದ್ದು ನಿಂತು ಡ್ರೈವರಣ್ಣನಿಗೆ, "ಬಾಗಿಲು ಹಾಕು, ಗಾಡಿ ತೆಗಿ" ಎಂದಳು. ಕೆಳಗೆ ಚಿಕ್ಕಪ್ಪ, "ಮಗು ಕಳ್ಳಿ, ಮಗು ಕಳ್ಳಿ" ಎಂದು ಬಸ್ಸಿನ ಮೈಗೆ ಬಡಿಯುತ್ತ ಓಡಿಬಂದ. ಬಸ್ಸು ನಿಂತದ್ದು ಪೊಲೀಸ್ ಠಾಣೆಯ ಮುಂದೆ. ಚಿಕ್ಕಪ್ಪ ಈಗ ಜೈಲಿನಲ್ಲಿದ್ದಾನೆ. ಹುಡುಗಿ ದೊಡ್ಡಮ್ಮನ ಮನೆಯಲ್ಲಿದ್ದಾಳೆ, ಹನ್ನೊಂದು ತುಂಬಿದೆ. ಬಸ್ಸಕ್ಕನಿಗೆ ಆ ವಾರವೇ ಶಾಲೆಯಿಂದ ಪತ್ರ ಬಂತು. ಕಾರ್ಡಿನಲ್ಲಿರುವ ವ್ಯಕ್ತಿಗೆ ಮಗುವನ್ನು ಒಪ್ಪಿಸತಕ್ಕದ್ದು ಎಂಬ ನಿಯಮವನ್ನು ಉಲ್ಲಂಘಿಸಿದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಅವಳು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಹೋದ ದಿನ ಆ ನೀಲಿ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಬಂದಳು. ಈಗ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಇಸ್ತ್ರಿಯಾದ ಶರಟನ್ನು ಮೊದಮೊದಲು ಕೂಡಲೇ ಮಡಚಿ ಗಂಟಿನೊಳಗೆ ತಳ್ಳುತ್ತಿದ್ದಳು.

ಇಲ್ಲಿಗೆ ಬರುವ ಮೊದಲು ಅವಳು ದೊಡ್ಡಮ್ಮನ ಮನೆಗೆ ಹೋಗಿ ಹುಡುಗಿಯನ್ನೇ ಕೇಳಿದ್ದಳು. ಹೇಳಲಾ, ಬೇಡವಾ ಎಂದು. ಹುಡುಗಿ ಕಿಟಕಿಯ ಸರಳು ಉಜ್ಜುತ್ತ ನಿಂತಿದ್ದಳು.

"ನನ್ನ ಹೆಸರು ಹೇಳ್ಬೇಡಿ. ಲೇಸಿನ ವಿಷಯ ಹೇಳಿ."

"ಅದ್ಯಾಕೆ ಪುಟ್ಟಾ?"

"ಅದನ್ನ ಹೇಳಿದ್ರೆ ಗೊತ್ತಾಗುತ್ತೆ, ನಾನು ದಿನಾ ಹೇಳ್ತಾನೇ ಇದ್ದೆ ಅಂತ."

ಆ ಪ್ಯಾರಾದ ಮೇಲೆಯೇ ವಕೀಲಮ್ಮ ಕೆಂಪು ಗೀಟು ಹಾಕಿದ್ದು.

ಬಾಗಿಲು ತೆರೆಯಿತು. ಗುಮಾಸ್ತ ಬಂದು ಒಳಗೆ ಕರೆದ.

ಉದ್ದ ಮೇಜಿನ ಆಚೆ ಏಳು ಜನ, ಏಳು ನೀರಿನ ಬಾಟಲಿ. ನಡುವೆ ಅಧ್ಯಕ್ಷರು, ಬಿಳಿ ಹುಬ್ಬಿನ ಮೆತ್ತಗಿನ ಮನುಷ್ಯ. ಬಲಕ್ಕೆ ಕೋಟು ಹಾಕಿದ ಒಬ್ಬ ಸದಸ್ಯ ಆಗಲೇ ಮಾತಾಡುತ್ತಿದ್ದ. ಕಡ್ಡಾಯ ಮಾಡಿದರೆ ಸುಳ್ಳು ದೂರುಗಳ ಸುರಿಮಳೆ ಆಗುತ್ತದೆ, ಒಳ್ಳೆಯ ಮನೆತನಗಳು ಬೀದಿಗೆ ಬರುತ್ತವೆ, ಯಾವುದೋ ಆಯಾ, ಯಾವುದೋ ವಾಚ್‌ಮನ್ ಮನೆಯ ಒಳಗೆ ಇಣುಕುವಂತಾಗಬಾರದು, ಅವರವರ ವಿವೇಚನೆಗೆ ಬಿಡುವುದು ಕ್ಷೇಮ. ಎಡಗಡೆ ಕೊನೆಯಲ್ಲಿ ಒಬ್ಬ ಸದಸ್ಯೆ ಮೊಬೈಲಿನಲ್ಲಿ ಮುಳುಗಿದ್ದಳು. ಗುಮಾಸ್ತ ಮೇಜಿನ ಮೇಲೆ ಪುಟ್ಟ ಗಡಿಯಾರ ತಿರುಗಿಸಿಟ್ಟ.

"ನಿಮಗೆ ಮೂರು ನಿಮಿಷ ಇದೆಯಮ್ಮ" ಎಂದರು ಅಧ್ಯಕ್ಷರು.

ಬಸ್ಸಕ್ಕ ಹಾಳೆಯನ್ನು ತೆಗೆಯಲೇ ಇಲ್ಲ. ಪುಸ್ತಕ ತೆಗೆದಳು. ಹೆಸರಿನ ಕಾಲಮ್ಮಿನ ಮೇಲೆ ಪುಟಪುಟಕ್ಕೂ ಉದ್ದ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಳು.

"ಯಾವುದೋ ಆಯಾ ಅಂದ್ರಲ್ಲ ಸರ್, ಅದು ನಾನೇ" ಎಂದು ಶುರುಮಾಡಿದಳು. ಕೋಟಿನವನು ಬಾಟಲಿಯ ಮುಚ್ಚಳ ತಿರುಗಿಸಿದ.

ಅವಳು ಹೇಳಿದಳು. ಕಾರ್ಡು ಹೇಳಿದಳು, ಚಿಕ್ಕಪ್ಪನ ದುಂಡನೆ ಸಹಿ ಹೇಳಿದಳು, ದೊಡ್ಡ ಮೇಡಂ ಬೆರಳಿಟ್ಟು ತೋರಿಸಿದ 'ಬಹುದು' ಹೇಳಿದಳು, ನಾಲ್ಕು ಇಪ್ಪತ್ತರ ಜೇನಿನ ದನಿ ಹೇಳಿದಳು. ಆಮೇಲೆ ಲೇಸು. ವಕೀಲಮ್ಮ ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು.

"ಅವಳು ದಿನಾ ಬಿಚ್ಚಿದಳು, ನಾನು ದಿನಾ ಕಟ್ಟಿದೆ. ಅವಳು ಹೋಗಲ್ಲ ಅಂತ ಹೇಳ್ತಿದ್ದಳು, ನಾನು ಲೇಸು ಕಟ್ಟೋದು ಕಲಿಸ್ತಿದ್ದೆ. ನನ್ನ ಈ ಕೈಯಲ್ಲೇ ಎತ್ತಿ ಅವನ ಕೈಗೆ ಕೊಟ್ಟೆ. ಸಹಿನೂ ತಗೊಂಡೆ."

ಸದಸ್ಯೆಯ ಮೊಬೈಲು ಮೇಜಿನ ಮೇಲೆ ಮಕಾಡೆ ಮಲಗಿತ್ತು.

ಕೋಟಿನವನು ಗಂಟಲು ಸರಿಮಾಡಿಕೊಂಡ. ವಕೀಲಮ್ಮ ಹೆದರಿದ್ದ ಮಾತೇ ಅವನ ಬಾಯಿಂದ ಬಂತು. "ಅಂದ್ರೆ ತಪ್ಪು ನಿಮ್ಮದೇ ಅಂತ ನೀವೇ ಒಪ್ಕೊಳ್ತಿದೀರಿ. ತಿಳಿಸಬಹುದು ಅಂತ ನಿಯಮ ಇತ್ತು. ನೀವು ತಿಳಿಸಬಹುದಿತ್ತು. ಯಾರು ಬೇಡ ಅಂದರು?"

ಬಸ್ಸಕ್ಕನ ಕೋಪ ನೆತ್ತಿಗೇರಿತು. ಆದರೆ ದನಿ ಏರಲಿಲ್ಲ. ಅರವತ್ತು ಮಕ್ಕಳ ಗಲಾಟೆಯಲ್ಲಿ ಹನ್ನೊಂದು ವರ್ಷ ಕಳೆದವಳಿಗೆ, ಕೂಗಿದರೆ ಯಾರೂ ಕೇಳುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು.

"ತಪ್ಪು ನಂದೇ ಸರ್. ಅದನ್ನ ಹೇಳೋಕೇ ಕೆಲಸಕ್ಕೆ ರಜ ಹಾಕಿ ಬಂದಿದೀನಿ. ಆದ್ರೆ ಈ ರಟ್ಟಿನ ಒಳಗೆ ಒಂದ್ಸಲ ನೋಡಿ. ಒಪ್ಪಿಸತಕ್ಕದ್ದು. ಸಹಿ ಪಡೆಯತಕ್ಕದ್ದು. ಮಗೂನ ಅವನ ಕೈಗೆ ಕೊಡೋಕೆ ತಕ್ಕದ್ದು, ಕಾಪಾಡಿ ಅಂತ ಬಾಯಿ ಬಿಡೋಕೆ ಬಹುದು! ಯಾವ ನ್ಯಾಯ ಸರ್ ಇದು? ಒಪ್ಪಿಸಿದ ನೂರ ನಲವತ್ತಮೂರು ದಿನ ನನಗೆ ಸಂಬಳ ಕೊಟ್ಟರು. ಒಪ್ಪಿಸದೆ ಇದ್ದ ಒಂದು ದಿನಕ್ಕೆ ಕೆಲಸ ಕಿತ್ಕೊಂಡರು. ನಾನು ಹೆಚ್ಚು ಓದಿದವಳಲ್ಲ, ನನ್ನಂಥ ಹೆದರುಪುಕ್ಕರು ಪ್ರತಿ ಬಸ್ಸಲ್ಲೂ ಇದಾರೆ, ಪ್ರತಿ ಶಾಲೇಲೂ ಇದಾರೆ. ಧೈರ್ಯ ಇರೋರಿಗೆ ನಿಮ್ಮ ಕಾನೂನು ಬೇಕಾಗಿಲ್ಲ. ನನ್ನಂಥೋರಿಗೆ ಬೇಕು. ನಾಳೆ ಯಾವುದೋ ಮೇಡಂ ಪುಸ್ತಕ ತೆಗೆದು ಬೆರಳಿಟ್ಟರೆ, ಆ ಬೆರಳಿನ ಕೆಳಗೆ ತಿಳಿಸತಕ್ಕದ್ದು ಅಂತ ಇರಬೇಕು."

ಗಡಿಯಾರ ಕಿಣಿ ಕಿಣಿ ಎಂದಿತು. ಗುಮಾಸ್ತ ಅದರ ತಲೆ ಒತ್ತಿದ.

"ನಿಮ್ಮ ಭಾವನೆಗಳನ್ನ ಗೌರವಿಸ್ತೀವಮ್ಮ" ಎಂದರು ಅಧ್ಯಕ್ಷರು. "ಹಣಕಾಸಿನ ವಿಷಯನೂ ಪರಿಶೀಲಿಸ್ತೀವಿ. ಆ ಪುಸ್ತಕ ಇಲ್ಲಿ ಕೊಟ್ಟು ಹೋಗಿ, ಕಡತಕ್ಕೆ ಸೇರಿಸ್ತಾರೆ."

ಗುಮಾಸ್ತ ಕೈ ಚಾಚಿದ. ಬಸ್ಸಕ್ಕ ಕೊಡಲಿಲ್ಲ. ನೂರ ನಲವತ್ತನಾಲ್ಕನೇ ಸಾಲು ತೆರೆದಳು. ಅದು ಅವತ್ತಿನಿಂದಲೂ ಖಾಲಿ ಉಳಿದಿತ್ತು. ಬ್ಯಾಗಿನಿಂದ ಪೆನ್ನು ತೆಗೆದು ಹೆಸರಿನ ಜಾಗದಲ್ಲಿ 'ಮುಂದಿನ ಮಗು' ಎಂದು ಬರೆದಳು. ಆಯಾ ಸಹಿ ಎಂದಿದ್ದ ಕಡೆ ತನ್ನ ಸಹಿ ಹಾಕಿದಳು. ಪುಸ್ತಕವನ್ನು ತಿರುಗಿಸಿ ಮೇಜಿನ ಮೇಲಿಟ್ಟು, ಎಡಗಡೆಯ ಕೊನೆಯಿಂದ ಶುರುಮಾಡಿ ಸದಸ್ಯೆಯ ಮುಂದೆ ಪೆನ್ನು ಹಿಡಿದಳು.

"ಇದೇನಮ್ಮ ಇದು?" ಅಧ್ಯಕ್ಷರ ಹುಬ್ಬು ಮೇಲೇರಿತು.

"ಮಗೂನ ನಿಮಗೆ ಒಪ್ಪಿಸ್ತಿದೀನಿ ಸರ್. ಸಹಿ ತಗೊಳ್ಳದೆ ಹೊರಡೋ ಹಾಗಿಲ್ಲ, ನಿಯಮ ಇದೆ."

"ಇದು ಸಮಿತಿಯ ಪದ್ಧತಿ ಅಲ್ಲ" ಎಂದ ಕೋಟಿನವನು. "ಇದಕ್ಕೆ ಸಹಿ ಹಾಕಿದ್ರೆ ಏನರ್ಥ?"

"ಏನಿಲ್ಲ ಸರ್. ಮುಂದೆ ಆ ಮಗುವಿಗೆ ಏನಾದ್ರೂ ಆದ್ರೆ ಅಲ್ಲಿ ನಿಮ್ಮ ಹೆಸರು ಇರುತ್ತೆ, ಅಷ್ಟೇ. ನಂದು ನೂರ ನಲವತ್ತಮೂರು ಸಲ ಇದೆ."

ಸದಸ್ಯೆ ಪೆನ್ನು ತೆಗೆದುಕೊಂಡಳು. ಸಾಲನ್ನು ಎರಡು ಸಲ ಓದಿ ಸಹಿ ಹಾಕಿದಳು. ಅವಳ ಪಕ್ಕದವರು ಸಹಿ ಹಾಕಿದರು. ಅವರ ಪಕ್ಕದ ಯುವಕ ಅಧ್ಯಕ್ಷರ ಮುಖ ನೋಡಿ, ಆಮೇಲೆ ಬಸ್ಸಕ್ಕನ ಮುಖ ನೋಡಿ, ಸಹಿ ಹಾಕಿದ. ಪುಸ್ತಕ ಅಧ್ಯಕ್ಷರ ಮುಂದೆ ಬಂತು. ಅವರು ನಿಟ್ಟುಸಿರು ಬಿಟ್ಟು, ದಿನಕ್ಕೆ ನೂರು ಕಡತ ಕಾಣುವ ಕೈಯಿಂದ ಚಕಚಕನೆ ಏನೋ ಗೀಚಿ ಮುಂದಕ್ಕೆ ತಳ್ಳಿದರು. ಬಸ್ಸಕ್ಕ ಪುಸ್ತಕ ಎತ್ತಿ ಕಣ್ಣಿನ ಹತ್ತಿರ ತಂದಳು. ಸಹಿಯ ಜಾಗದಲ್ಲಿ ಒಂದೇ ಮಾತು ಇತ್ತು, ಕೆಳಗೆ ತಾರೀಕು. 'ನೋಡಿದೆ.'

"ನೋಡಿದೆ ಅಂತ ಬರೆದಿದೀರಿ ಸರ್."

"ಹೌದಮ್ಮ. ನೋಡಿದೆನಲ್ಲ."

"ನಾನೂ ನೋಡಿದ್ದೆ ಸರ್" ಎಂದಳು ಬಸ್ಸಕ್ಕ. "ನೂರ ನಲವತ್ತಮೂರು ದಿನ ನೋಡಿದ್ದೆ."

ಪೆನ್ನು ಹಿಡಿದ ಕೈಯನ್ನು ಅವಳು ಹಿಂದೆ ತೆಗೆಯಲಿಲ್ಲ. ಬಾಗಿಲಲ್ಲಿ ಮುಂದಿನವರು ಇಣುಕುತ್ತಿದ್ದರು. ಗುಮಾಸ್ತ ಕಾವಲಿನವನಿಗೆ ಕಣ್ಣುಸನ್ನೆ ಮಾಡಿದ, ಕಾವಲಿನವನು ಕಾಣದವನಂತೆ ಗೋಡೆ ನೋಡಿದ. ಕೊನೆಗೆ ಅಧ್ಯಕ್ಷರು ಪೆನ್ನು ತೆಗೆದುಕೊಂಡು ತಾವು ಬರೆದದ್ದನ್ನು ಅಡ್ಡ ಗೀಟು ಎಳೆದು ಹೊಡೆದುಹಾಕಿದರು. ಅದರ ಮೇಲೆ ತಮ್ಮ ಪೂರ್ತಿ ಸಹಿ ಹಾಕಿದರು. ಕೋಟಿನವನೂ ಅವನ ಪಕ್ಕದ ಇಬ್ಬರೂ ಪುಸ್ತಕ ಮುಟ್ಟಲಿಲ್ಲ. ಅವರ ಮುಂದೆ ಅವಳು ಒಬ್ಬೊಬ್ಬರಿಗೂ ಒಂದೊಂದು ನಿಮಿಷ ನಿಂತು, ಆಮೇಲೆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಎಂಟು ದಿನದ ಮೇಲೆ ಲಾಂಡ್ರಿಗೆ ವಕೀಲಮ್ಮನ ಫೋನ್ ಬಂತು. ಹಿಗ್ಗಿನಲ್ಲಿ ಅವಳು ಕೂಗಿಯೇಬಿಟ್ಟಳು. "ಅಕ್ಕ, ಒಂಬತ್ತು ಬಂತು! ನಾಲ್ಕು ಜನ ಪರ, ಮೂರು ಜನ ವಿರುದ್ಧ. ತಿಳಿಸತಕ್ಕದ್ದು! ಲೇಸಿನ ಮಾತು ಹೊಡೆದುಹಾಕಿದ್ದು ನನ್ನ ತಪ್ಪು ಅಕ್ಕ."

"ಹದಿನಾಲ್ಕು?"

ಆ ಕಡೆ ಹಾಳೆ ಮಗುಚುವ ಸದ್ದು.

"ಹದಿನಾಲ್ಕು ಏನಾಯ್ತಮ್ಮ?"

"ಬಾಲ ಹಾಗೇ ಇದೆ ಅಕ್ಕ. ಹಣದ ಲಭ್ಯತೆಗೆ ಒಳಪಟ್ಟು. ಇನ್ನೊಂದು ಸಮಿತಿ ಇದೆ, ಹಣಕಾಸಿಂದು. ನಾಳೆ ಬೆಳಿಗ್ಗೆ ಹತ್ತಕ್ಕೆ ಕೂರುತ್ತೆ. ಮೊದಲು ಇಷ್ಟು ಸಿಕ್ಕಿತಲ್ಲ ಅಂತ..."

ಬಸ್ಸಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ, ಯಜಮಾನನಿಗೆ ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ದೊಡ್ಡಮ್ಮನ ಮನೆಗೆ ನಡೆದಳು. ಹುಡುಗಿ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಈಗಲೂ ನಡೆದೇ ಹೋಗಿ ಬರುತ್ತಾಳೆ, ಎಷ್ಟು ದೂರವಾದರೂ ಬಸ್ಸು ಹತ್ತುವುದಿಲ್ಲ. ಬಸ್ಸಕ್ಕ ಪುಸ್ತಕ ತೆರೆದು ನಾಲ್ಕು ಸಹಿ ತೋರಿಸಿದಳು. ಹೊಡೆದುಹಾಕಿದ 'ನೋಡಿದೆ'ಯನ್ನೂ ತೋರಿಸಿದಳು.

"ಲೇಸಿನ ವಿಷಯ ಹೇಳಿದ್ರಾ?"

"ಹೇಳಿದೆ ಪುಟ್ಟಾ. ಇನ್ಮೇಲೆ ನನ್ನಂಥೋರು ಹೇಳಲೇಬೇಕು ಅಂತ ಆಗಿದೆ."

ಹುಡುಗಿ ಸಹಿಗಳ ಮೇಲೆ ಬೆರಳಾಡಿಸಿದಳು. "ಹೇಳಿದ್ರೆ, ಕೇಳೋರು?"

ಬಸ್ಸಕ್ಕ ಗೋಡೆಯ ಗಡಿಯಾರ ನೋಡಿದಳು. ನಾಲ್ಕು ದಾಟಿ ಇಪ್ಪತ್ತು ನಿಮಿಷ. ಮಗುವಿಗೆ ಸುಳ್ಳು ಸಮಾಧಾನ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೊಬೈಲು ತೆಗೆದು ಆ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದ ಮೇಲೂ ಅದೇ ಜೇನಿನ ದನಿ. ನಮ್ಮ ಕಚೇರಿಯ ವೇಳೆ ಮುಗಿದಿದೆ. ದಯವಿಟ್ಟು ನಾಳೆ ಕರೆ ಮಾಡಿ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ದೊಡ್ಡಮ್ಮ, "ಹಾಳಾಗಿ ಹೋಗ" ಎಂದಳು.

ಹುಡುಗಿ ದನಿ ಪೂರ್ತಿ ಮುಗಿಯುವ ತನಕ ಕೇಳಿದಳು. ಆಮೇಲೆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ನೂರ ನಲವತ್ತೈದನೇ ಸಾಲಿನ ಮೇಲೆ ಬೆರಳಿಟ್ಟಳು.

"ನಾಳೆ ಹೋಗ್ತೀರಾ?"

"ಹೋಗ್ದೆ ಬಿಡ್ತೀನಾ?"

"ಈ ಸಲ ಮುಂದಿನ ಮಗು ಅಂತ ಬರೀಬೇಡಿ. ನನ್ನ ಹೆಸರು ಬರೀರಿ."

ಬಸ್ಸಕ್ಕ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೂಂ ಎಂದಳು. ಬಸ್ಸಕ್ಕ ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರೆದಳು. ಹಳೆಯ ಅಭ್ಯಾಸದಂತೆ ಬ್ಯಾಗಿನಲ್ಲಿ ಬಿಳಿ ಪಟ್ಟಿಗಾಗಿ ತಡಕಾಡಿದಳು.

"ಪಟ್ಟಿ ಅಂಟಿಸಲಾ?"

"ಬೇಡ" ಎಂದಳು ಹುಡುಗಿ. "ಅವರು ಓದಲಿ."